ಹಿಮಗಾಳಿಗೆ ನಂಬರು ಕೊಡುವ ಲೆಕ್ಕ: ರಾಯಚೂರಿನ ಬಿಸಿಲಿಗೂ ಅದೇ ಪೇಚು

ಕರ್ನಾಟಕದಲ್ಲಿ ದಾಖಲಾದ ಅತಿ ಹೆಚ್ಚು ಉಷ್ಣಾಂಶ ರಾಯಚೂರಿನದು, 1928ರ ಮೇ 23ರಂದು 45.6 ಡಿಗ್ರಿ. ಅತಿ ಕಡಿಮೆ ಬೀದರಿನದು, 1918ರ ಡಿಸೆಂಬರ್ 16ರಂದು 2.8 ಡಿಗ್ರಿ. ಪಾದರಸ ಸೊನ್ನೆ ಮುಟ್ಟಿದ ಲೆಕ್ಕವೇ ನಮ್ಮಲ್ಲಿಲ್ಲ. ಹಾಗಿದ್ದರೂ ಜನವರಿ ಬಂತೆಂದರೆ ಅಮೆರಿಕದ ಹಿಮಗಾಳಿಯ ಸುದ್ದಿ ಸಿಂಧನೂರು, ಗಂಗಾವತಿಯ ಮೊಬೈಲುಗಳಿಗೂ ಬಂದು ಬೀಳುತ್ತದೆ. ನ್ಯೂಜೆರ್ಸಿಯಲ್ಲೋ ಡಲ್ಲಾಸ್‌ನಲ್ಲೋ ಮಗನೋ ಸೊಸೆಯೋ ಇರುವ ಮನೆಯಲ್ಲಿ ಅದು ಬರೀ ಸುದ್ದಿಯಲ್ಲ. ‘ಕೆಟಗರಿ 4 ಅಂತೆ, ಇತಿಹಾಸದಲ್ಲೇ ಭೀಕರ ಅಂತೆ’ ಎಂಬ ಮಾತಿನಲ್ಲಿ ಆ ನಾಲ್ಕು ಏನನ್ನು ಅಳೆದದ್ದು, ಯಾರ ಇತಿಹಾಸ ಅದು ಎಂದು ಕೇಳಬೇಕಾಗುತ್ತದೆ.

ಭೀಕರ ಹಿಮಗಾಳಿಗಳ ಒಂದು ಪಟ್ಟಿಯಲ್ಲಿ ಮೊದಲ ಸ್ಥಾನ 1972ರ ಇರಾನ್‌ಗೆ, ಇನ್ನೊಂದರಲ್ಲಿ 1993ರ ಅಮೆರಿಕಕ್ಕೆ, ಮತ್ತೊಂದರಲ್ಲಿ 1888ರ ನ್ಯೂಯಾರ್ಕಿಗೆ. ಮೂರೂ ಪಟ್ಟಿ ತಪ್ಪಲ್ಲ. ಒಂದೇ ಜೋಳದ ರಾಶಿಯನ್ನು ಒಬ್ಬ ಸೇರಿನಲ್ಲಿ ಅಳೆದ, ಒಬ್ಬ ತಕ್ಕಡಿಯಲ್ಲಿ ತೂಗಿದ, ಇನ್ನೊಬ್ಬ ಮಾರಿ ಬಂದ ರೊಕ್ಕ ಎಣಿಸಿದ, ಅಷ್ಟೇ.

ಮೊದಲು ಪದಗಳ ಗೋಜಲು ಬಿಡಿಸಬೇಕು. ನಮ್ಮ ಪತ್ರಿಕೆಗಳಲ್ಲಿ ‘ಹಿಮಪಾತ’ ಎಂಬ ಒಂದೇ ಮಾತು ಮೂರು ಕೆಲಸ ಮಾಡುತ್ತಿದೆ. ಆಕಾಶದಿಂದ ಹಿಮ ಬೀಳುವುದು ಹಿಮಪಾತ. ಬೆಟ್ಟದ ಇಳಿಜಾರಿನಿಂದ ಹಿಮದ ಗೋಡೆಯೇ ಜಾರಿ ಬೀಳುವುದು ಹಿಮಕುಸಿತ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನಲ್ಲಿ ಕುಂದಗೋಳ ತಾಲ್ಲೂಕು ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಅವರನ್ನು ಹೂತದ್ದು ಇದು. ಹಿಮಗಾಳಿ ಇವೆರಡೂ ಅಲ್ಲ. ಅದರ ಪ್ರಾಣ ಇರುವುದು ಗಾಳಿಯಲ್ಲಿ.

ಅಮೆರಿಕದ ಹವಾಮಾನ ಸೇವೆಯ ಪ್ರಕಾರ ಹಿಮಗಾಳಿ ಎನ್ನಲು ಮೂರು ಷರತ್ತು. ಗಾಳಿ, ಅಥವಾ ಮತ್ತೆಮತ್ತೆ ಬೀಸುವ ಅದರ ರಭಸ, ಗಂಟೆಗೆ 35 ಮೈಲಿ, ಅಂದರೆ ಸುಮಾರು 56 ಕಿಲೋಮೀಟರ್ ಮುಟ್ಟಬೇಕು. ಕಾಲು ಮೈಲಿ, ಅಂದಾಜು 400 ಮೀಟರಿನಾಚೆ ಏನೂ ಕಾಣಬಾರದು. ಈ ಸ್ಥಿತಿ ಕನಿಷ್ಠ 3 ಗಂಟೆ ಮುಂದುವರಿಯಬೇಕು. ಕೆನಡಾದವರಿಗೆ ಗಂಟೆಗೆ 40 ಕಿಲೋಮೀಟರ್ ಗಾಳಿ ಸಾಕು, ಆದರೆ 4 ಗಂಟೆ ಬೇಕು. ಎಷ್ಟು ಇಂಚು ಹಿಮ ಬೀಳಬೇಕೆಂಬ ಮಾತೇ ಈ ವ್ಯಾಖ್ಯೆಗಳಲ್ಲಿಲ್ಲ. ಹೊಸದಾಗಿ ಒಂದು ಚೂರೂ ಬೀಳದೆ, ಮೊದಲೇ ಬಿದ್ದು ಒಣಗಿದ ಹಿಮವನ್ನು ಗಾಳಿ ಎಬ್ಬಿಸಿದರೂ ಅದು ಹಿಮಗಾಳಿಯೇ. ಕಣದಲ್ಲಿ ರಾಶಿ ತೂರಿದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಕಾಳು ಕಾಲ ಬುಡದಲ್ಲಿ ಬೀಳುತ್ತದೆ, ಹೊಟ್ಟು ಕಣ್ಣು ಮುಚ್ಚಿಸುತ್ತದೆ. ಸುತ್ತ ಹತ್ತು ಮೈಲಿ ಹೊಟ್ಟೇ ಹರಡಿದ್ದು, ಸೊನ್ನೆಗಿಂತ 15 ಡಿಗ್ರಿ ಕೆಳಗೆ ಬಿರುಗಾಳಿ ಎದ್ದರೆ ಹೇಗೋ ಹಾಗೆ.

1977ರ ಜನವರಿ ಕೊನೆಗೆ ಅಮೆರಿಕದ ಬಫಲೋ ನಗರದಲ್ಲಿ ಆದದ್ದು ಇದೇ. ಆ ದಿನಗಳಲ್ಲಿ ಹೊಸದಾಗಿ ಬಿದ್ದದ್ದು ಒಂದಡಿ ಆಸುಪಾಸು, ಆ ಊರಿಗೆ ಅದು ಮಾಮೂಲು. ಆದರೆ ಪಕ್ಕದ ಈರಿ ಸರೋವರ ಹೆಪ್ಪುಗಟ್ಟಿ, ಅದರ ಮೇಲೆ ವಾರಗಟ್ಟಲೆಯ ಪುಡಿಹಿಮ ಕೂತಿತ್ತು. ಗಂಟೆಗೆ 69 ಮೈಲಿ ರಭಸದ ಗಾಳಿ ಅದನ್ನೆಲ್ಲ ಎತ್ತಿ ಊರಿಗೆ ತಂದು ಸುರಿಯಿತು. 29 ಜನ ಸತ್ತರು, ಅವರಲ್ಲಿ ಹಲವರ ಶವ ಸಿಕ್ಕಿದ್ದು ಹೂತುಹೋದ ಕಾರುಗಳಲ್ಲಿ. ಬಿದ್ದ ಹಿಮವನ್ನಷ್ಟೇ ಅಳೆಯುವ ಪಟ್ಟಿಯಲ್ಲಿ ಈ ಹಿಮಗಾಳಿ ಮೇಲಿನ ಸಾಲಿಗೆ ಬರುವುದೇ ಇಲ್ಲ.

ಎಲ್ಲಕ್ಕಿಂತ ಹಳೆಯ ಅಳತೆ ಹೆಣದ ಲೆಕ್ಕ. ಆ ಲೆಕ್ಕದಲ್ಲಿ ಮೊದಲನೆಯದು 1972ರ ಫೆಬ್ರುವರಿ ಮೊದಲ ವಾರದ ಇರಾನ್. ಸತ್ತವರು ಸುಮಾರು 4000. ಕೆಲವು ಕಡೆ ಹಿಮ 8 ಮೀಟರ್ ಎತ್ತರಕ್ಕೆ ಪೇರಿ, ಹಳ್ಳಿಗಳೇ ಅಡಿಯಾದವು. ನಾಲ್ಕು ವರ್ಷದ ಬರದ ಬೆನ್ನಿಗೆ ಬಂದ ಹಿಮ ಅದು. (2009 ನೆನಪಿರುವವರಿಗೆ ಈ ವರಸೆ ಹೊಸದಲ್ಲ. ದೇಶದ ಮಟ್ಟಿಗೆ ಬರದ ವರ್ಷವಾಗಿದ್ದ ಅದೇ ಸಲ ಸೆಪ್ಟೆಂಬರ್ ಕೊನೆಗೆ ತುಂಗಭದ್ರೆ ಮಂತ್ರಾಲಯಕ್ಕೇ ನುಗ್ಗಿದಳು.) ಅದರ ನಂತರ ಬರುವುದು 1719ರ ಆರಂಭದಲ್ಲಿ ನಾರ್ವೆಯ ಬೆಟ್ಟ ದಾಟಿ ಊರಿಗೆ ಮರಳುತ್ತಿದ್ದ ಸ್ವೀಡನ್ ಸೈನ್ಯ, ಸುಮಾರು 3000 ಸೈನಿಕರು. ಮೂರನೆಯದು 2008ರ ಅಫ್ಗಾನಿಸ್ತಾನ, 926 ಜನ. ಜಗತ್ತೆಲ್ಲ ಮಾತಾಡುವ 1888ರ ಮಾರ್ಚ್‌ನ ನ್ಯೂಯಾರ್ಕ್ ಹಿಮಗಾಳಿ ಇವುಗಳಿಗಿಂತ ಕೆಳಗೆ, ಸತ್ತವರು 400ರ ಮೇಲೆ.

ಈ ಅಳತೆಗೆ ಎರಡು ಊನ. ಹೆಣ ಎಣಿಸುವವರು ಎಲ್ಲ ಕಡೆ ಇರುವುದಿಲ್ಲ. ದಾರಿ ತೆರೆಯುವ ಹೊತ್ತಿಗೆ ಎಣಿಕೆಯೇ ಅಂದಾಜಾಗಿರುತ್ತದೆ. ಎರಡನೆಯದಾಗಿ, ಸಾವು ಗಾಳಿಯ ಬಲವನ್ನು ಹೇಳುವುದಕ್ಕಿಂತ ಹೆಚ್ಚಾಗಿ ಜನ ಆ ಹೊತ್ತಿಗೆ ಎಲ್ಲಿದ್ದರು ಎಂಬುದನ್ನು ಹೇಳುತ್ತದೆ. 1888ರ ಜನವರಿ 12ರಂದು ನೆಬ್ರಾಸ್ಕಾ, ಡಕೋಟಾ ಬಯಲಿನಲ್ಲಿ ಬೆಳಿಗ್ಗೆ ಹಿತವಾದ ಹವೆ ಇತ್ತು. ಮಕ್ಕಳು ತೆಳು ಬಟ್ಟೆಯಲ್ಲೇ ಶಾಲೆಗೆ ಹೋದರು. ಹಿಮಗಾಳಿ ಬಂದೆರಗಿದ್ದು ಶಾಲೆಯ ಹೊತ್ತಿನಲ್ಲೇ. ಸತ್ತವರು 235, ಅವರಲ್ಲಿ ಮನೆಗೆ ಹೊರಟು ದಾರಿ ತಪ್ಪಿದ ಮಕ್ಕಳು ಅನೇಕರು. ಅದೇ ಗಾಳಿ ರಾತ್ರಿ ಬಂದಿದ್ದರೆ ಪಟ್ಟಿಯಲ್ಲಿ ಅದರ ಹೆಸರೇ ಇರುತ್ತಿರಲಿಲ್ಲವೇನೋ. ನಮ್ಮ ಹಿರಿಯರೂ ಬರಗಳನ್ನು ಮಿಲಿಮೀಟರ್ ಲೆಕ್ಕದಲ್ಲಿ ನೆನಪಿಡಲಿಲ್ಲ. ಬಳ್ಳಾರಿ ಸೀಮೆಯನ್ನು ಬರಿದು ಮಾಡಿದ 1876–78ರ ಕ್ಷಾಮ ಇಂದಿಗೂ ಸಂವತ್ಸರದ ಹೆಸರಿನಲ್ಲೇ ‘ಧಾತು ಬರ’.

ಹಾಗಾದರೆ ಹಿಮವನ್ನೇ ಅಳೆದರಾಯಿತಲ್ಲ? ಅದು ತೋರುವಷ್ಟು ಸರಳವಿಲ್ಲ. ಸುಮಾರು ಒಂದೂವರೆ ಅಡಿ ಚೌಕದ, ಬಿಳಿ ಬಣ್ಣ ಬಳಿದ ಹಲಗೆಯನ್ನು ಗೋಡೆ, ಮರಗಳಿಂದ ದೂರ ನೆಲದ ಮೇಲಿಡುತ್ತಾರೆ. ಅದರ ಮೇಲೆ ಕೂತ ಹಿಮವನ್ನು ಇಂಚಿನ ಹತ್ತನೇ ಒಂದು ಪಾಲಿನವರೆಗೆ ಅಳೆದು, ಹಲಗೆ ಒರೆಸಿ, ಮತ್ತೆ ಹೊಸ ಹಿಮದ ಮೇಲಿಡುತ್ತಾರೆ. ಒರೆಸುವುದು 6 ಗಂಟೆಗೊಮ್ಮೆ, ಅದಕ್ಕಿಂತ ಬೇಗ ಒರೆಸುವಂತಿಲ್ಲ. ಕಾರಣ, ಹಿಮ ತನ್ನ ಭಾರಕ್ಕೆ ತಾನೇ ಕುಗ್ಗುತ್ತದೆ. ಗಂಟೆಗೊಮ್ಮೆ ಒರೆಸಿ ಕೂಡಿಸಿದರೆ ಕುಗ್ಗುವ ಮೊದಲಿನ ಎತ್ತರಗಳೆಲ್ಲ ಸೇರಿ ಮೊತ್ತ ಉಬ್ಬುತ್ತದೆ, ದಿನಕ್ಕೊಮ್ಮೆ ಅಳೆದರೆ ಸೊರಗುತ್ತದೆ. ರಾಯಚೂರಿನ ಜಿನ್ನಿಂಗ್ ಮಿಲ್ಲಿನ ಅಂಗಳದಲ್ಲಿ ಸುರಿದ ಹತ್ತಿಯ ಗುಡ್ಡೆಗೂ, ಒತ್ತಿ ಕಟ್ಟಿದ ಹತ್ತಿ ಬೇಲ್‌ಗೂ ಇರುವ ವ್ಯತ್ಯಾಸ ಅದು. ಸಾಮಾನ್ಯ ಲೆಕ್ಕದಲ್ಲಿ 10 ಇಂಚು ಹಿಮ ಕರಗಿದರೆ 1 ಇಂಚು ನೀರು. ಒಣ ಹಿಮವಾದರೆ 15, 20 ಇಂಚಿಗೂ ಅಷ್ಟೇ ನೀರು. ಎರಡೂವರೆ ಅಡಿ ಹಿಮ ಎಂದು ಬಾಯಿ ಬಿಡುವ ಮೊದಲು ನೆನಪಿಡಿ, ಅದು ಸುಮಾರು 75 ಮಿಲಿಮೀಟರ್ ಮಳೆ. ನಮ್ಮ ಎರೆ ಹೊಲಗಳು ಒಳ್ಳೆಯ ಸೆಪ್ಟೆಂಬರಿನಲ್ಲಿ ಒಂದೇ ರಾತ್ರಿ ಕುಡಿದು ಬಿಡುವಷ್ಟು.

2016ರ ಜನವರಿಯ ಹಿಮಗಾಳಿಯಲ್ಲಿ ಈ ಹಲಗೆಯೇ ಹಗರಣವಾಯಿತು. ವಾಷಿಂಗ್ಟನ್ನಿನ ರೇಗನ್ ವಿಮಾನ ನಿಲ್ದಾಣದಲ್ಲಿ ಅಳೆಯುವವರಿಗೆ ಹಲಗೆ ಹಿಮದಡಿ ಸಿಗದೆ ಹೋಯಿತು. ಅಲ್ಲಿ ಬರೆದದ್ದು 17.8 ಇಂಚು, ಹತ್ತಿರದ ಡಲ್ಲಸ್ ವಿಮಾನ ನಿಲ್ದಾಣದಲ್ಲಿ (ಟೆಕ್ಸಾಸಿನ ಡಲ್ಲಾಸ್ ಅಲ್ಲ) 29.3. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಮೊದಲು ಬಂದ ಅಂಕಿ 26.8, ಅಲ್ಲಿನ 2006ರ ದಾಖಲೆ 26.9. ಹತ್ತನೇ ಒಂದು ಇಂಚಿಗೆ ದಾಖಲೆ ತಪ್ಪಿತೆಂದು ಎಲ್ಲೆಡೆ ಸುದ್ದಿಯಾಯಿತು. ಮೂರು ತಿಂಗಳ ಪರಿಶೀಲನೆಯ ನಂತರ ಅಂಕಿಯನ್ನು 27.5ಕ್ಕೆ ತಿದ್ದಿದರು. ಹಿಮ ಕರಗಿ ನೀರಾಗಿ ಹರಿದುಹೋದ ಮೇಲೆ ಅದು ಮೊದಲ ಸ್ಥಾನಕ್ಕೇರಿತು.

ಒಂದು ಊರಿನ ಹಲಗೆಯಿಂದ ಇಡೀ ಹಿಮಗಾಳಿಯ ಗಾತ್ರ ಹೇಳಲಾಗದು. ಅದಕ್ಕೆಂದೇ ಪಾಲ್ ಕೋಸಿನ್ ಮತ್ತು ಲೂಯಿಸ್ ಉಚೆಲಿನಿ ಎಂಬ ಇಬ್ಬರು ಹವಾಮಾನ ತಜ್ಞರು 2004ರಲ್ಲಿ ಒಂದು ಸೂತ್ರ ಪ್ರಕಟಿಸಿದರು. ಹೆಸರು ನೆಸಿಸ್, ಅಮೆರಿಕದ ಈಶಾನ್ಯ ಭಾಗಕ್ಕಷ್ಟೇ ಮಾಡಿದ್ದು. ‘ಕೆಟಗರಿ’ ಎಂದು ಸುದ್ದಿಯಲ್ಲಿ ಬರುವುದು ಹೆಚ್ಚಾಗಿ ಇದರದು, ಇಲ್ಲವೇ ಇದರ ತಮ್ಮನದು. ಇದರ ಒಳಗು ಇಷ್ಟು: 4, 10, 20, 30 ಇಂಚು, ಈ ನಾಲ್ಕು ಮಟ್ಟಗಳನ್ನು ಮೀರಿ ಹಿಮ ಬಿದ್ದ ಪ್ರದೇಶದ ವಿಸ್ತೀರ್ಣವನ್ನೂ ಅಲ್ಲಿನ ಜನಸಂಖ್ಯೆಯನ್ನೂ ಬೇರೆಬೇರೆಯಾಗಿ ತೆಗೆಯುತ್ತಾರೆ. ವಿಸ್ತೀರ್ಣವನ್ನು 91,000 ಚದರ ಮೈಲಿಯಿಂದ, ಜನಸಂಖ್ಯೆಯನ್ನು 3.54 ಕೋಟಿಯಿಂದ ಭಾಗಿಸುತ್ತಾರೆ. ಹಿಂದಿನ 30 ದೊಡ್ಡ ಹಿಮಗಾಳಿಗಳಲ್ಲಿ 10 ಇಂಚು ಮೀರಿ ಹಿಮ ಬಿದ್ದ ಪ್ರದೇಶದ ಸರಾಸರಿಗಳಿವು. ಕರ್ನಾಟಕಕ್ಕಿಂತ ಕಾಲು ಭಾಗದಷ್ಟು ದೊಡ್ಡ ನೆಲ ಎನ್ನಿ. ಬಂದ ಎರಡು ಭಾಗಲಬ್ಧ ಕೂಡಿಸಿ, ಆಯಾ ಮಟ್ಟದ ತೂಕದಿಂದ ಗುಣಿಸುತ್ತಾರೆ. 4 ಇಂಚಿಗೆ 0.4, 10ಕ್ಕೆ 1, 20ಕ್ಕೆ 2, 30ಕ್ಕೆ 3. ಎಲ್ಲ ಕೂಡಿಸಿದರೆ ಅಂಕ.

ಕಾಗದದ ಮೇಲೆ ಒಂದು ಕಲ್ಪಿತ ಹಿಮಗಾಳಿ ಮಾಡಿ ನೋಡಿ. 4 ಇಂಚು ಮೀರಿದ ನೆಲ ಸರಾಸರಿಯ ಎರಡು ಪಟ್ಟು, ಜನ ಒಂದೂವರೆ ಪಟ್ಟು: 3.5 ಅನ್ನು 0.4ರಿಂದ ಗುಣಿಸಿದರೆ 1.4. 10 ಇಂಚು ಮೀರಿದ ನೆಲ, ಜನ ಎರಡೂ ಸರಾಸರಿಯಷ್ಟೇ: 2. ಇಪ್ಪತ್ತು ಇಂಚು ಮೀರಿದ ನೆಲ 0.25, ಜನ 0.35: ಕೂಡಿಸಿ 2ರಿಂದ ಗುಣಿಸಿದರೆ 1.2. ಮೂವತ್ತು ಇಂಚು ಎಲ್ಲೂ ಇಲ್ಲ. ಒಟ್ಟು 4.6, ಅಂದರೆ ಕೆಟಗರಿ 3. ಈಗ ಅದೇ ಗಾಳಿ, ಅದೇ ಹಿಮ, ಒಂದು ಇಂಚೂ ಹೆಚ್ಚುಕಡಿಮೆ ಇಲ್ಲದೆ ಕರಾವಳಿಯ ಶಹರುಗಳನ್ನು ಬಿಟ್ಟು ಒಳನಾಡಿನಲ್ಲಿ ಬಿತ್ತು, ಅಲ್ಲಿ ಜನ ಕಾಲು ಭಾಗ ಎಂದುಕೊಳ್ಳಿ. ಅಂಕ 2.9ರ ಹತ್ತಿರ ಇಳಿದು ಕೆಟಗರಿ 2 ಆಗುತ್ತದೆ. ಕೆಟಗರಿ 1 ಶುರುವಾಗುವುದು ಅಂಕ 1ರಿಂದ, 2 ಎರಡೂವರೆಯಿಂದ, 3 ನಾಲ್ಕರಿಂದ, 4 ಆರರಿಂದ, 5 ಹತ್ತರಿಂದ. 1993ರ ಮಾರ್ಚ್‌ನದು 13.20, 1996ರ ಜನವರಿಯದು 11.78, ಹತ್ತು ದಾಟಿದ ದೊಡ್ಡ ಹೆಸರುಗಳಿವು. ಹಲಗೆ ಕಳೆದುಹೋದ 2016ರದ್ದು 7.66. ಬಾಸ್ಟನ್ ಸುತ್ತ ಸಾವಿರಾರು ಕಾರುಗಳನ್ನು ಹೆದ್ದಾರಿಯಲ್ಲೇ ಹೂತ, ಸುಮಾರು 100 ಜನ ಸತ್ತ 1978ರ ಫೆಬ್ರುವರಿಯ ಹಿಮಗಾಳಿ ಬರೀ 5.78, ಕೆಟಗರಿ 3. ಬಾಸ್ಟನ್ನಿನ ಮುದುಕರ ಮುಂದೆ ಇದನ್ನು ಹೇಳಿದರೆ ಯಾರೂ ಒಪ್ಪಲಿಕ್ಕಿಲ್ಲ.

ಆ ‘ತಮ್ಮ’ನೆಂದರೆ ಅಮೆರಿಕದ ಬೇರೆ ಭಾಗಗಳಿಗೂ ಹಿಗ್ಗಿಸಿದ ಪ್ರಾದೇಶಿಕ ಹಿಮ ಸೂಚ್ಯಂಕ. ಇದರ ಜಾಣತನ ಇರುವುದು ಮಟ್ಟಗಳಲ್ಲಿ. ಈಶಾನ್ಯದಲ್ಲಿ ಲೆಕ್ಕ 4 ಇಂಚಿನಿಂದ ಶುರುವಾದರೆ, ಹಿಮದ ಅಭ್ಯಾಸವಿಲ್ಲದ ಟೆಕ್ಸಾಸ್ ಕಡೆ 2 ಇಂಚಿನಿಂದಲೇ. ಒಂದೇ ಹಿಮ ಎಲ್ಲ ಊರಿಗೂ ಒಂದೇ ಭಾರವಲ್ಲ ಎಂಬುದನ್ನು ಸೂತ್ರದೊಳಗೇ ಒಪ್ಪಿಕೊಂಡಿದ್ದಾರೆ.

ಆದರೂ ಎರಡರಲ್ಲೂ ಗಾಳಿ ಇಲ್ಲ, ಚಳಿ ಇಲ್ಲ, ಎಷ್ಟು ತಾಸು ಎಂಬುದೂ ಇಲ್ಲ. ಹಿಮಗಾಳಿ ಎಂದು ಕರೆಯಲು ಗಾಳಿಯೇ ಬೇಕು, ಅಂಕ ಕೊಡುವಾಗ ಅದೇ ಗಾಳಿಗೆ ಲೆಕ್ಕವಿಲ್ಲ. ನನ್ನ ಮಟ್ಟಿಗೆ ಈ ಪಟ್ಟಿಗಳ ದೊಡ್ಡ ಕೊರತೆ ಇದು. ಸೊನ್ನೆಗಿಂತ 20 ಡಿಗ್ರಿ ಕೆಳಗಿದ್ದು ಗಂಟೆಗೆ 50 ಕಿಲೋಮೀಟರ್ ಗಾಳಿ ಬೀಸಿದರೆ ಮೈಗೆ ತಟ್ಟುವ ಚಳಿ ಮೈನಸ್ 35, ತೆರೆದ ಚರ್ಮ ಹೆಪ್ಪುಗಟ್ಟಲು 10ರಿಂದ 30 ನಿಮಿಷ ಸಾಕು. 2021ರ ಫೆಬ್ರುವರಿಯಲ್ಲಿ ಟೆಕ್ಸಾಸ್ ಜನರನ್ನು ಕೊಂದದ್ದು ಹಿಮದ ಎತ್ತರವಲ್ಲ. ಗ್ಯಾಸ್ ಕೊಳವೆ, ವಿದ್ಯುತ್ ಘಟಕಗಳು ಚಳಿಗೆ ಕೈಕೊಟ್ಟು 45 ಲಕ್ಷ ಮನೆಗಳಲ್ಲಿ ಕರೆಂಟು ಹೋಯಿತು, ಸರಕಾರಿ ಲೆಕ್ಕದಲ್ಲೇ 246 ಸಾವು. ಶಕ್ತಿನಗರ, ಕುಡತಿನಿಯ ಶಾಖೋತ್ಪನ್ನ ಸ್ಥಾವರಗಳ ನೆರಳಿನಲ್ಲಿರುವ ನಮಗೆ ಇದರಲ್ಲಿ ಓದಿಕೊಳ್ಳುವುದಿದೆ. ಹವೆ ವಿಪರೀತಕ್ಕೆ ಹೋದ ದಿನವೇ ಕರೆಂಟಿನ ಬೇಡಿಕೆಯೂ ತುದಿ ಮುಟ್ಟುವುದು. ಈಗ ಅಮೆರಿಕದಲ್ಲಿ ಮುನ್ಸೂಚನೆಗೆ ಬಳಸುವ ಇನ್ನೊಂದು ಸೂಚ್ಯಂಕದಲ್ಲಿ (ವಿಂಟರ್ ಸ್ಟಾರ್ಮ್ ಸಿವಿಯಾರಿಟಿ ಇಂಡೆಕ್ಸ್) ಹಿಮದ ಭಾರ, ಹಾರುವ ಹಿಮ, ಮಂಜುಗಡ್ಡೆಯ ಲೇಪ, ಹಠಾತ್ ಹೆಪ್ಪುಗಟ್ಟುವಿಕೆ ಇವೆಲ್ಲ ಬೇರೆಬೇರೆಯಾಗಿ ಸೇರಿವೆ. ಮಕ್ಕಳು ಅಲ್ಲಿದ್ದವರು ನೋಡಬೇಕಾದ್ದು ಅದನ್ನು. ನೆಸಿಸ್ ಅಂಕ ಬರುವುದು ಗಾಳಿ ನಿಂತ ಮೇಲೆ.

ಇನ್ನು ಫೋನಿನಲ್ಲಿ ಅವರಿಗೆ ಹೇಳಬಹುದಾದ ಒಂದು ಮಾತಿದೆ. 2022ರ ಡಿಸೆಂಬರಿನಲ್ಲಿ ಬಫಲೋದಲ್ಲಿ ಮತ್ತೆ ಹಿಮಗಾಳಿ ಬಂದಾಗ ಸತ್ತ 47 ಜನರಲ್ಲೂ ಕಾರಿನಲ್ಲಿ ಸಿಕ್ಕಿಬಿದ್ದವರಿದ್ದರು. ಕಾರು ಹೂತರೆ ಇಳಿದು ನಡೆಯಬಾರದು, ಹತ್ತು ಹೆಜ್ಜೆಗೆ ಕಾರೇ ಕಾಣದಾಗುತ್ತದೆ. ಎಂಜಿನ್ ಚಾಲೂ ಮಾಡುವ ಮೊದಲು ಹೊಗೆ ಕೊಳವೆಯ ಬಾಯಿಂದ ಹಿಮ ತೆಗೆಯಬೇಕು. ಇಲ್ಲದಿದ್ದರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬಿ, ಬೆಚ್ಚಗೆ ಕೂತಂತೆಯೇ ಜೀವ ಹೋಗುತ್ತದೆ. ಗಂಟೆಗೆ ಹತ್ತು ನಿಮಿಷ ಮಾತ್ರ ಎಂಜಿನ್ ಓಡಿಸಿ, ಗಾಳಿಗೆ ಬೆನ್ನಾದ ಬದಿಯ ಕಿಟಕಿಯನ್ನು ಬೆರಳಷ್ಟು ತೆರೆದಿಡಬೇಕು. ಕೊಳವೆಯ ಬಾಯನ್ನು ಪ್ರತಿ ಸಲವೂ ನೋಡಬೇಕು, ಹಾರುವ ಹಿಮ ಅದನ್ನು ಮತ್ತೆ ಮುಚ್ಚುತ್ತಿರುತ್ತದೆ.

ಇಷ್ಟೆಲ್ಲ ಅಂಕಿಗೆ ಜಗಳ ಏಕೆಂದರೆ, ಅದರ ಹಿಂದೆ ರೊಕ್ಕವಿದೆ. ಹಿಮ ತೆಗೆದ ಖರ್ಚಿಗೆ ಅಮೆರಿಕದ ಕೇಂದ್ರ ನೆರವು ಬೇಕಾದರೆ ಆ ಜಿಲ್ಲೆಯಲ್ಲಿ ದಾಖಲೆಯ ಹಿಮ ಬಿದ್ದಿರಬೇಕು, ಅಥವಾ ದಾಖಲೆಯ ಶೇ 10ರ ಅಂತರದಲ್ಲಿರಬೇಕು. ಆಗ ಹಲಗೆಯ ಮೇಲಿನ ಅರ್ಧ ಇಂಚೂ ದುಡ್ಡೇ. ಈ ರಾಜಕಾರಣ ನಮಗೆ ಚೆನ್ನಾಗಿ ಗೊತ್ತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಆ ಪಟ್ಟಿಗೆ ಸೇರಲು ಮಳೆ ಕೊರತೆಯ ಶೇಕಡಾವಾರು, ಮಳೆಯಿಲ್ಲದ ವಾರಗಳು, ಉಪಗ್ರಹ ಕಂಡ ಹಸಿರು, ತೇವಾಂಶ ಎಲ್ಲ ದಾಟಿ, ಕೊನೆಗೆ ಶೇ 10ರಷ್ಟು ಹಳ್ಳಿಗಳ ಹೊಲಕ್ಕಿಳಿದು ಬೆಳೆ ನಷ್ಟ ನೋಡಬೇಕು. ಶೇ 33 ಮೀರಿದರೆ ಸಾಧಾರಣ ಬರ, ಶೇ 50 ಮೀರಿದರೆ ತೀವ್ರ. ಆಗ ಖುಷ್ಕಿ ಬೆಳೆಗಿದ್ದ ಪರಿಹಾರ ಹೆಕ್ಟೇರಿಗೆ 8,500 ರೂಪಾಯಿ, ಅದೂ 2 ಹೆಕ್ಟೇರ್‌ವರೆಗೆ. ಶೇ 32 ಒಣಗಿದ ತೊಗರಿಗೆ ಈ ಲೆಕ್ಕದಲ್ಲಿ ಜಾಗವಿಲ್ಲ.

ಹಲಗೆ ಒರೆಸುವ ಹೊತ್ತಿನ ಪೇಚೂ ಇಲ್ಲುಂಟು. ಹವಾಮಾನ ಇಲಾಖೆಯ ದಿನ ಬೆಳಿಗ್ಗೆ ಎಂಟೂವರೆಗೆ ಮುಗಿದು ಎಂಟೂವರೆಗೆ ಶುರುವಾಗುತ್ತದೆ. ಬೆಳಿಗ್ಗೆ ಆರರಿಂದ ಹನ್ನೊಂದರ ತನಕ ಒಂದೇ ಸಮ ಸುರಿದ ಮಳೆ ಪುಸ್ತಕದಲ್ಲಿ ಎರಡು ದಿನದ ಎರಡು ಸಾಧಾರಣ ಮಳೆಯಾಗಿ ಕೂಡುತ್ತದೆ.

ಬಿಸಿಲಿನ ವಿಷಯದಲ್ಲಿ ಅಳತೆಗೋಲು ಇನ್ನೂ ವಿಚಿತ್ರವಾಗಿ ಕೂತಿದೆ. ಬಯಲುಸೀಮೆಯಲ್ಲಿ ಬಿಸಿಗಾಳಿ ಎನ್ನಬೇಕಾದರೆ ಗರಿಷ್ಠ ಉಷ್ಣಾಂಶ ಕನಿಷ್ಠ 40 ಡಿಗ್ರಿ ಇದ್ದು, ವಾಡಿಕೆಗಿಂತ 4.5 ಡಿಗ್ರಿ ಮೇಲಿರಬೇಕು. 6.4 ಮೀರಿದರೆ ತೀವ್ರ ಬಿಸಿಗಾಳಿ. ವಾಡಿಕೆ ಏನೇ ಇರಲಿ, 45 ಮುಟ್ಟಿದರೂ ಬಿಸಿಗಾಳಿಯೇ. ಅದೂ ಹವಾಮಾನ ಉಪವಿಭಾಗದ ಕನಿಷ್ಠ ಎರಡು ಕೇಂದ್ರಗಳಲ್ಲಿ, ಸತತ ಎರಡು ದಿನ. ಘೋಷಣೆ ಎರಡನೇ ದಿನ. ವಾಡಿಕೆಯೇ 40 ಇರುವ ಊರಿನಲ್ಲಿ 44.5 ಆಗದೆ ಲೆಕ್ಕಕ್ಕೆ ಬರುವಂತಿಲ್ಲ. ಕರಾವಳಿಗೆ ಆ ಮಿತಿ 37 ಡಿಗ್ರಿ ಮತ್ತು ಅದೇ 4.5ರ ಏರಿಕೆ. ಹೀಗಾಗಿ ಈಚಿನ ವರ್ಷಗಳಲ್ಲಿ ಫೆಬ್ರುವರಿ, ಮಾರ್ಚ್‌ನಲ್ಲೇ ಕರಾವಳಿಗೆ ಬಿಸಿಗಾಳಿ ಎಚ್ಚರಿಕೆ ಬರುತ್ತದೆ. 43 ಡಿಗ್ರಿಯಲ್ಲಿ ಲಿಂಗಸುಗೂರು, ಮಸ್ಕಿಯ ಹೊಲದಲ್ಲಿ ದುಡಿಯುವವರಿಗೆ ಅದೇ ಪದ ಅನ್ವಯಿಸದೆ ಇರಬಹುದು.

ಇದರಲ್ಲಿ ಅನ್ಯಾಯವಷ್ಟೇ ಕಾಣುವುದು ಸರಿಯಲ್ಲ. ಟೆಕ್ಸಾಸಿಗೆ 2 ಇಂಚು, ಬಾಸ್ಟನ್ನಿಗೆ 4 ಇಂಚು ಎಂದ ತರ್ಕವೇ ಇಲ್ಲೂ ಇರುವುದು. ಮೈ ಪಳಗಿದ ಊರಿಗೆ ಮಿತಿ ಮೇಲಿರಲಿ ಎಂದು. ಆದರೆ ಪಳಗುವುದಕ್ಕೂ ಒಂದು ತುದಿಯಿದೆ. ಬೆವರು ಆರಿದರಷ್ಟೇ ಮೈ ತಣಿಯುವುದು. ಸಿಂಧನೂರು, ಕಾರಟಗಿ, ಗಂಗಾವತಿ ಕಡೆ ಬೇಸಿಗೆ ಭತ್ತಕ್ಕೆ ನೀರು ನಿಲ್ಲಿಸಿದ ಗದ್ದೆಗಳ ನಡುವೆ ಗಾಳಿಯಲ್ಲಿ ತೇವ ಹೆಚ್ಚು, ಬೆವರು ಆರುವುದು ತಡ. ಅಲ್ಲಿನ 41ಕ್ಕೂ ಒಣ ಎರೆಭೂಮಿಯ 41ಕ್ಕೂ ಮೈ ಒಂದೇ ಬೆಲೆ ಕೊಡುವುದಿಲ್ಲ, ಥರ್ಮಾಮೀಟರ್ ಕೊಡುತ್ತದೆ. ರಾತ್ರಿಯ ಬಿಸಿಯನ್ನು ಇಲಾಖೆ ‘ಬೆಚ್ಚನೆಯ ರಾತ್ರಿ’ ಎಂದು ಬೇರೆಯಾಗಿ ಗುರುತಿಸುತ್ತದೆ, ಬಿಸಿಗಾಳಿಯ ಷರತ್ತಿನಲ್ಲಿ ಅದಿಲ್ಲ. ಹಿಮದ ಅಂಕದಲ್ಲಿ ಗಾಳಿ ಬಿಟ್ಟುಹೋದ ಹಾಗೆಯೇ.

ಇನ್ನೊಂದು ಪಟ್ಟಿ ನೋಡಿ. ವಿಪತ್ತು ಪರಿಹಾರ ನಿಧಿಗೆ 2022–26ರ ಅವಧಿಗೆ ಹೊರಡಿಸಿದ ಕೇಂದ್ರದ ಮಾರ್ಗಸೂಚಿಯಲ್ಲಿ ಹನ್ನೆರಡು ವಿಪತ್ತುಗಳ ಹೆಸರಿದ್ದವು. ಹಿಮಕುಸಿತ ಇತ್ತು, ಶೀತಗಾಳಿ ಇತ್ತು, ಸುನಾಮಿ ಇತ್ತು. ಬಿಸಿಗಾಳಿ ಇರಲಿಲ್ಲ. ಅತ್ತ ಏಪ್ರಿಲ್, ಮೇ ಬಂತೆಂದರೆ ಕಲಬುರಗಿ ವಿಭಾಗದ ಸರಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಆ ಆದೇಶಕ್ಕೆ ಎರಡು ಕೇಂದ್ರ, ಎರಡು ದಿನ, ನಾಲ್ಕೂವರೆ ಡಿಗ್ರಿ ಯಾವುದೂ ಬೇಕಿಲ್ಲ.